ಕಲಬುರಗಿಯಿಂದ ಕೆಲಸದ ಮೇಲೆ ಹೊರಟಿದ್ದೀರಾ? ರೈಲು, ಬಸ್ಸು, ಕಾರು, ವಿಮಾನ: ಹೊಗೆಯ ಲೆಕ್ಕದಲ್ಲಿ ಯಾವುದು ವಾಸಿ

ಕಲಬುರಗಿಯ ಆಫೀಸುಗಳಲ್ಲಿ ಇದು ದಿನಾ ನಡೆಯುವ ಕಥೆ. ಬೆಂಗಳೂರಿನಿಂದ ಫೋನ್ ಬರುತ್ತದೆ: ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಮೀಟಿಂಗ್. ರೈಲು ನೋಡಿದರೆ ವೇಟಿಂಗ್ ಲಿಸ್ಟ್. ಬಸ್ಸಿನಲ್ಲಿ ಸಾಹೇಬರಿಗೆ ಬೆನ್ನು ನೋವು. ಕೊನೆಗೆ ಕಾರಿನವರಿಗೆ ಫೋನ್ ಹೋಗುತ್ತದೆ. "ಹೈದರಾಬಾದ್ ಏರ್‌ಪೋರ್ಟಿಗೆ ಗಾಡಿ ಹಚ್ಚಲೇನ್ರೀ ಸರ?" ಅಂತ ಅವರು ಕೇಳುತ್ತಾರೆ. ಇವರು ಹೂಂ ಅನ್ನುತ್ತಾರೆ. ಶಂಷಾಬಾದ್‌ವರೆಗೆ (ಹೈದರಾಬಾದ್ ಏರ್‌ಪೋರ್ಟ್ ಇರುವುದು ಅಲ್ಲೇ) ಕಾರು, ಅಲ್ಲಿಂದ ವಿಮಾನ, ಮರುದಿನ ಅದೇ ದಾರಿಯಲ್ಲಿ ವಾಪಸ್.

ಕೆಲಸದ ಓಡಾಟದಿಂದ ಪರಿಸರಕ್ಕೆ ಆಗುವ ಪೆಟ್ಟನ್ನು ಕಡಿಮೆ ಮಾಡಬೇಕು ಅಂದಾಗ ಎಲ್ಲರ ಬೆರಳು ಮೊದಲು ವಿಮಾನದ ಕಡೆ ತಿರುಗುತ್ತದೆ. ವಿಮಾನ ಸಾಚಾ ಏನಲ್ಲ. ಆದರೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಪಾಲು ಒಬ್ಬರೇ ಕೂತ ಕಾರಿನದು. ಅದರಲ್ಲೂ ಬಿಟ್ಟು ಬಂದು ಖಾಲಿ ಓಡುವ ಕಾರಿನದು. ಇನ್ನೊಂದು ಮಾತು. ಯಾವುದರಲ್ಲಿ ಹೋಗಬೇಕು ಅನ್ನುವುದು ಟಿಕೆಟ್ ಬುಕ್ ಮಾಡುವಾಗ ತೀರ್ಮಾನ ಆಗುವುದಿಲ್ಲ. ಮೀಟಿಂಗಿಗೆ ಟೈಮ್ ಕೊಡುವಾಗಲೇ ಆಗಿಹೋಗಿರುತ್ತದೆ. ಆಫೀಸಿನವರ ಟಿಕೆಟ್ಟು, ಬಿಲ್ಲು ನೋಡಿಕೊಳ್ಳುವವನಾಗಿ ಈ ಎರಡು ಮಾತು ಇಟ್ಟುಕೊಂಡೇ ಕೆಳಗಿನ ಹೋಲಿಕೆ ಬರೆದಿದ್ದೇನೆ.

ಲೆಕ್ಕ ಹಾಕೋದು ಹೇಗೆ

ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಪೆಟ್ರೋಲಿಗೆ ಸುಮಾರು 2.3 ಕೆ.ಜಿ. ಹೊಗೆ ಅಂತ ನಾನು ಲೆಕ್ಕ ಹಾಕುವುದೆಲ್ಲ ಇದನ್ನೇ. ಸುಟ್ಟದ್ದಕ್ಕಿಂತ ಬಂದದ್ದು ತೂಕದಲ್ಲಿ ಜಾಸ್ತಿ ಹೇಗೆ ಅಂತ ಕೆಲವರು ಕೇಳುತ್ತಾರೆ. ಎಣ್ಣೆಯಲ್ಲಿರುವ ಇಂಗಾಲ ಗಾಳಿಯ ಆಮ್ಲಜನಕದ ಜೊತೆ ಸೇರುತ್ತದಲ್ವಾ, ಆ ತೂಕವೂ ಕೂಡಿಕೊಳ್ಳುತ್ತದೆ. ಹಾಗಾಗಿ ಕಾರಿನ ಲೆಕ್ಕ ಸುಲಭ. ಕಿಲೋಮೀಟರನ್ನು ಮೈಲೇಜಿನಿಂದ ಭಾಗಿಸಿ, 2.68ರಿಂದ ಗುಣಿಸಿ, ಕೂತವರ ಸಂಖ್ಯೆಯಿಂದ ಭಾಗಿಸಿದರೆ ಆಯಿತು. ಡ್ರೈವರನ್ನು ಎಣಿಸಬೇಡಿ. ಅವರು ನಿಮ್ಮ ಕೆಲಸಕ್ಕಾಗಿಯೇ ಬಂದವರು.

ರೈಲು, ಬಸ್ಸು, ವಿಮಾನಕ್ಕೆ 2015ರಲ್ಲಿ, ಹಸಿರುಮನೆ ಅನಿಲಗಳ ಲೆಕ್ಕ ಇಡುವ ಇಂಡಿಯಾ ಜಿಎಚ್‌ಜಿ ಪ್ರೋಗ್ರಾಂನವರು ನಮ್ಮ ದೇಶದ ಮಟ್ಟಿಗೆ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಒಬ್ಬ ಪ್ರಯಾಣಿಕ ಒಂದು ಕಿಲೋಮೀಟರ್ ಹೋದರೆ ರೈಲಿನಲ್ಲಿ ಸುಮಾರು 8 ಗ್ರಾಂ, ಬಸ್ಸಿನಲ್ಲಿ 15 ಗ್ರಾಂ, ದೇಶದೊಳಗಿನ ವಿಮಾನದಲ್ಲಿ 120 ಗ್ರಾಂ. ಇವು ಸರಾಸರಿ ಅಂಕಿಗಳು. ತುಂಬಿ ತುಳುಕುವ ಜನರಲ್ ಬೋಗಿಯೂ ಆ 8 ಗ್ರಾಂನಲ್ಲಿ ಸೇರಿದೆ. ಎಸಿ ಬೋಗಿಗೆ ಇದನ್ನೇ ಹಾಕಿದರೆ ಮೋಸ. ಹೊಸ ಮಾದರಿಯ ಸ್ಲೀಪರ್ ಬೋಗಿಯಲ್ಲಿ 80 ಬರ್ತ್ ಇರುತ್ತವೆ, ಥರ್ಡ್ ಎಸಿಯಲ್ಲಿ 72, ಸೆಕೆಂಡ್ ಎಸಿಯಲ್ಲಿ 50ರ ಚಿಲ್ಲರೆ, ಫಸ್ಟ್ ಎಸಿಯಲ್ಲಿ ಬರೀ 24. ಬೋಗಿಯ ತೂಕ ಹೆಚ್ಚುಕಡಿಮೆ ಅಷ್ಟೇ, ಜನ ಕಡಿಮೆ, ಮೇಲೆ ತಂಪಿನ ಖರ್ಚು ಬೇರೆ. ಅದಕ್ಕೇ ನಾನು ಎಸಿಗೆ ಎರಡು ಪಟ್ಟು ಹಿಡಿಯುತ್ತೇನೆ. ಅಷ್ಟಾದರೂ ರೈಲೇ ಗೆಲ್ಲುತ್ತದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಬೆಂಗಳೂರು

ಇದೇ ದೊಡ್ಡ ಪ್ರಯಾಣ. ಬಿಲ್ಲೂ ದೊಡ್ಡದು, ಹೊಗೆಯೂ ದೊಡ್ಡದು. ರೈಲಿನಲ್ಲಿ ಸುಮಾರು 550 ಕಿ.ಮೀ., ರಸ್ತೆಯಲ್ಲಿ 600ರ ಆಸುಪಾಸು. ಒಬ್ಬರು ಹೋಗಿ ಬಂದರೆ ನನ್ನ ಲೆಕ್ಕ ಹೀಗೆ ಬರುತ್ತದೆ:

ರೈಲು, ಸ್ಲೀಪರ್: 9 ಕೆ.ಜಿ.
ರೈಲು, ಎಸಿ: 18 ಕೆ.ಜಿ.
ಮಲಗಿ ಹೋಗುವ ಬಸ್ಸು: 27 ಕೆ.ಜಿ.
ಡೀಸೆಲ್ ಕಾರು, ನಾಲ್ಕು ಜನ: ತಲೆಗೆ 45 ಕೆ.ಜಿ.
ನೇರ ವಿಮಾನ: 115 ಕೆ.ಜಿ.
ಡೀಸೆಲ್ ಕಾರು, ಒಬ್ಬರೇ: 180 ಕೆ.ಜಿ.
ಟ್ಯಾಕ್ಸಿಯಲ್ಲಿ ಶಂಷಾಬಾದ್, ಅಲ್ಲಿಂದ ವಿಮಾನ: 240 ಕೆ.ಜಿ.

ಕೊನೆಯ ಸಾಲನ್ನು ನೋಡಿ. ಕಲಬುರಗಿಯಿಂದ ಶಂಷಾಬಾದ್‌ಗೆ ಸುಮಾರು 220 ಕಿ.ಮೀ. ಟ್ಯಾಕ್ಸಿ ನಿಮ್ಮನ್ನು ಬಿಟ್ಟು ಖಾಲಿ ವಾಪಸ್ ಬರುತ್ತದೆ. ನೀವು ತಿರುಗಿ ಬರುವಾಗ ಮತ್ತೆ ಖಾಲಿ ಹೋಗಿ ನಿಮ್ಮನ್ನು ಕರೆದುಕೊಂಡು ಬರುತ್ತದೆ. ಹೀಗೆ 220 ಕಿ.ಮೀ. ನಾಲ್ಕು ಸಲ. ಲೀಟರಿಗೆ 18 ಕಿ.ಮೀ. ಕೊಡುವ ಗಾಡಿಯಾದರೂ 49 ಲೀಟರ್ ಡೀಸೆಲ್, ಅಂದರೆ 131 ಕೆ.ಜಿ. ಹೈದರಾಬಾದ್–ಬೆಂಗಳೂರು ವಿಮಾನ ಹೋಗಿ ಬರುವುದಕ್ಕೆ 110 ಕೆ.ಜಿ. ವಿಮಾನಕ್ಕಿಂತ ಆ ವಿಮಾನ ಹತ್ತಲು ಹೋದ ಕಾರಿನ ಹೊಗೆಯೇ ಜಾಸ್ತಿ! ಬೆಂಗಳೂರಿಗೆ ಒಬ್ಬರೇ ಕಾರಿನಲ್ಲಿ ಹೋಗುವುದಕ್ಕಿಂತಲೂ ಇದು ಕೆಟ್ಟದ್ದು. ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. ಊರಾಚೆ ಹೋಗುವ ಟ್ಯಾಕ್ಸಿಯವರು ಎರಡೂ ಕಡೆಯ ಕಿಲೋಮೀಟರ್ ಹಿಡಿಯುತ್ತಾರಲ್ಲ, ಆ ಖಾಲಿ ಓಟಕ್ಕೆ ನೀವೇ ದುಡ್ಡು ಕೊಡುತ್ತಿದ್ದೀರಿ.

ಇನ್ನು ನೇರ ವಿಮಾನ. ಕಲಬುರಗಿ ವಿಮಾನ ನಿಲ್ದಾಣ ಶುರುವಾದದ್ದು 2019ರ ನವೆಂಬರ್ 22ರಂದು. ಸಣ್ಣ ಊರುಗಳ ವಿಮಾನಕ್ಕೆ ಕೇಂದ್ರ ಸರ್ಕಾರ ಕೊಡುವ ಉಡಾನ್ ಯೋಜನೆಯ ನೆರವು ಇರುವವರೆಗೆ ವಿಮಾನ ಹಾರುತ್ತದೆ, ನೆರವು ಮುಗಿದರೆ ಕಷ್ಟ. ಬೀದರ್‌ನಲ್ಲಿ 2023ರ ಕೊನೆಗೆ ನಿಂತ ಬೆಂಗಳೂರು ವಿಮಾನ 2025ರಲ್ಲಿ ಮತ್ತೆ ಹಾರಿತು. ಹಾಗಾಗಿ ಈ ವಿಮಾನಗಳನ್ನು ನಂಬಿ ವರ್ಷದ ಓಡಾಟದ ಪ್ಲಾನ್ ಹಾಕಬೇಡಿ. ವಿಮಾನ ಇರುವ ದಿನ ತುರ್ತು ಕೆಲಸ ಬಂದರೆ, ಶಂಷಾಬಾದ್ ದಾರಿ ಹಿಡಿಯುವ ಬದಲು ಇಲ್ಲಿಂದಲೇ ಹತ್ತಿ. ಹೊಗೆ ಅರ್ಧಕ್ಕಿಂತ ಕಡಿಮೆ. ಒಂದು ವಿಷಯ ಮಾತ್ರ ನೆನಪಿರಲಿ. ವಿಮಾನ ಮೇಲೇರುವಾಗಲೇ ಇಂಧನ ಜಾಸ್ತಿ ಕುಡಿಯುತ್ತದೆ. ಸಣ್ಣ ದೂರಕ್ಕೆ ಆ ಭಾರ ಹಂಚಿಕೊಳ್ಳಲು ಕಿಲೋಮೀಟರ್ ಕಡಿಮೆ. 120 ಗ್ರಾಂ ಅನ್ನುವುದು ಇಲ್ಲಿ ವಿಮಾನದ ಮಟ್ಟಿಗೆ ಉದಾರ ಅಂಕಿಯೇ, ನಿಜದ ಹೊಗೆ ಇನ್ನೂ ಜಾಸ್ತಿ ಇರಬಹುದು.

ಬಸ್ಸು ಪಟ್ಟಿಯಲ್ಲಿ ರೈಲಿಗಿಂತ ಕೆಳಗೆ ಬಂದಿದೆ. ಕೆಲವರಿಗೆ ಇದು ಒಪ್ಪಿಗೆಯಾಗಲಿಕ್ಕಿಲ್ಲ. 15 ಗ್ರಾಂನ ಲೆಕ್ಕ ಸಾಮಾನ್ಯ ಬಸ್ಸಿಗೆ ಸರಿ. ರಾತ್ರಿ ಮಲಗಿ ಹೋಗುವ ಬಸ್ಸಿನಲ್ಲಿ 30 ಜನ ಹಿಡಿದರೆ ಹೆಚ್ಚು. ಲೀಟರಿಗೆ 4 ಕಿ.ಮೀ. ಅಂದುಕೊಂಡರೆ ತಲೆಗೆ 27 ಕೆ.ಜಿ. ಬರುತ್ತದೆ. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಎಸಿ ಇಲ್ಲದ ಅಮೋಘವರ್ಷ ಸ್ಲೀಪರ್ ಹತ್ತುವುದೋ, ವೋಲ್ವೊ ಗಾಡಿಯಾದ ಕಲ್ಯಾಣ ರಥ ಹತ್ತುವುದೋ ಅಂತ ಕೇಳಿದರೆ ಹೊಗೆಯ ಲೆಕ್ಕದಲ್ಲಿ ಎಸಿ ಇಲ್ಲದ್ದೇ ವಾಸಿ. ಮೇ ತಿಂಗಳಲ್ಲಿ ಈ ಸಲಹೆ ಕೊಡುವ ಧೈರ್ಯ ನನಗಿಲ್ಲ. ಯಾವುದೇ ಬಸ್ಸು ಹತ್ತಿದರೂ ಕಾರಿಗಿಂತ ಎಷ್ಟೋ ಮೇಲು. ಆ ಬಸ್ಸು ನೀವು ಹತ್ತದಿದ್ದರೂ ಹೋಗಿಯೇ ಹೋಗುತ್ತದೆ. ಕಾರು ಹಾಗಲ್ಲ, ನಿಮಗಾಗಿಯೇ ಹೊರಡುತ್ತದೆ.

ರೈಲಿನಲ್ಲೇ ಯಾವುದು?

ಕಲಬುರಗಿ ಮುಂಬೈ–ಚೆನ್ನೈ ಹಳಿಯ ಮೇಲಿದೆ. ಇದು ನಮ್ಮ ಪುಣ್ಯ. ರಾಜ್ಯದ ಎಷ್ಟೋ ಜಿಲ್ಲಾ ಕೇಂದ್ರಗಳಿಗೆ ಇಷ್ಟು ಗಾಡಿ ಇಲ್ಲ. ಉದ್ಯಾನ್, ಬಸವ, ಸೊಲ್ಲಾಪುರ–ಹಾಸನ ಗಾಡಿಗಳಲ್ಲಿ ಸಂಜೆಯೋ ರಾತ್ರಿಯೋ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಲಾಡ್ಜ್ ಖರ್ಚೂ ಉಳಿಯುತ್ತದೆ. ಒಂದೂವರೆ ಟನ್ನಿನ ಎಸಿ ರಾತ್ರಿಯಿಡೀ ಓಡಿದರೆ 8–10 ಯೂನಿಟ್ ಕರೆಂಟು. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅಂದರೆ ಒಂದು ರಾತ್ರಿಯ ರೂಮಿನ ಎಸಿಗೇ 6–7 ಕೆ.ಜಿ. ಸ್ಲೀಪರಿನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ಹೋದ ಹೊಗೆಗಿಂತ ಜಾಸ್ತಿ.

2024ರ ಮಾರ್ಚ್‌ನಲ್ಲಿ ಶುರುವಾದ ವಂದೇ ಭಾರತ್ ನಸುಕಿನಲ್ಲಿ ಇಲ್ಲಿಂದ ಹೊರಡುತ್ತದೆ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಮುಟ್ಟುವಾಗ ಮಧ್ಯಾಹ್ನ. ಗಾಡಿ ಚೆನ್ನಾಗಿದೆ. ಆದರೆ ಕೆಲಸದ ಮೇಲೆ ಹೋಗುವವರಿಗೆ ಅದರ ಟೈಮ್ ಕೊಂಚ ಇಕ್ಕಟ್ಟು. ಹನ್ನೊಂದರ ಮೀಟಿಂಗಿಗೆ ಅದು ಆಗುವುದಿಲ್ಲ. ಮೀಟಿಂಗನ್ನು ನಾಲ್ಕಕ್ಕೆ ಇಟ್ಟುಕೊಂಡರೆ? ಆರಾಮಾಗಿ ಹೋಗಿ, ಕೆಲಸ ಮುಗಿಸಿ, ರಾತ್ರಿ ಗಾಡಿ ಹತ್ತಿ ಬೆಳಗಾಗುವಷ್ಟರಲ್ಲಿ ವಾಪಸ್. ದಾರಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ ಅರ್ಧ ದಿನದ ಕೆಲಸವೂ ಆಗುತ್ತದೆ. ಕಾರಿನಲ್ಲಿ ಅದು ಆಗದ ಮಾತು, ಚಿತ್ರದುರ್ಗ ಬರುವಷ್ಟರಲ್ಲಿ ತಲೆ ತಿರುಗಿರುತ್ತದೆ.

ಮೀಟಿಂಗ್ ಟೈಮ್ ಅಂತ ಮೊದಲೇ ಹೇಳಿದ್ದು ಇದಕ್ಕೇ. "ಹನ್ನೊಂದಕ್ಕೆ ಬರ್ತೀವಿ" ಅನ್ನುವ ಬದಲು "ನಮ್ಮ ಗಾಡಿ ಮಧ್ಯಾಹ್ನ ಮುಟ್ಟುತ್ತದೆ, ನಾಲ್ಕಕ್ಕೆ ಇಟ್ಟುಕೊಳ್ಳೋಣವಾ?" ಅಂತ ಒಂದು ಮಾತು ಕೇಳಿದರೆ ಸಾಕು. ಹೆಚ್ಚಿನವರು ಒಪ್ಪುತ್ತಾರೆ. ಬೆಂಗಳೂರಿನವರಿಗೆ ಕಲಬುರಗಿ ಎಷ್ಟು ದೂರ ಅಂತ ನಾವೇ ಹೇಳದಿದ್ದರೆ ಅವರಿಗೆ ಗೊತ್ತೂ ಆಗುವುದಿಲ್ಲ.

ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ, 2024ರ ನವೆಂಬರ್‌ನಿಂದ ಹೀಗೆ. ತಿಂಗಳ ರಿವ್ಯೂ, ಡೀಲರ್ ಮೀಟಿಂಗ್, ಆಡಿಟ್ ಇವೆಲ್ಲ ಮೊದಲೇ ಗೊತ್ತಿರುವ ತಾರೀಕುಗಳು. ಅವಕ್ಕೆ ಅಂದೇ ಟಿಕೆಟ್ ಮಾಡಿ. ಕ್ಯಾನ್ಸಲ್ ಆದರೆ ಹೋಗುವ ದುಡ್ಡು ಟ್ಯಾಕ್ಸಿ ಬಿಲ್ಲಿನ ಮುಂದೆ ಏನೂ ಅಲ್ಲ. ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ ಎಸಿಗೆ, ಹನ್ನೊಂದಕ್ಕೆ ಸ್ಲೀಪರಿಗೆ ತೆರೆಯುತ್ತದೆ. ಅದನ್ನು ನಂಬಿ ಕೂತವರೇ ಕೊನೆಗೆ ಕಾರಿನವರಿಗೆ ಫೋನ್ ಮಾಡುವವರು.

ಹೈದರಾಬಾದ್

ಹೈದರಾಬಾದ್ ನಮಗೆ ಹತ್ತಿರ. ಹತ್ತಿರ ಆದ್ದರಿಂದಲೇ ಕಾರು ಜಾಸ್ತಿ. ಆಸ್ಪತ್ರೆ, ಮಾರುಕಟ್ಟೆ, ಮಷೀನಿನ ಬಿಡಿಭಾಗ, ಎಲ್ಲದಕ್ಕೂ ಅಲ್ಲಿಗೇ ಹೋಗುತ್ತೇವೆ. ನಿಜಾಮರ ಕಾಲದ ನಂಟು.

ಬೀದರ್‌ನವರಿಗೆ ಬಸ್ಸೇ ಸುಲಭ. ಜಹೀರಾಬಾದ್ ಮೇಲೆ ಹೋಗುವ ರಸ್ತೆ ಚೆನ್ನಾಗಿದೆ, ಬಸ್ಸುಗಳೂ ಬೇಕಾದಷ್ಟು. ಕಲಬುರಗಿ ಮತ್ತು ಯಾದಗಿರಿಯವರಿಗೆ ರೈಲು. ವಾಡಿ ಜಂಕ್ಷನ್ನಿನಲ್ಲಿ ಹಳಿ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ಮೇಲೆ ಸಿಕಂದರಾಬಾದ್‌ಗೆ ಹೋಗುತ್ತದೆ. ಹುಸೇನ್ ಸಾಗರ್, ಕೊನಾರ್ಕ್ ಎರಡೂ ಈ ದಾರಿಯ ಗಾಡಿಗಳು. ಸುಮಾರು 230 ಕಿ.ಮೀ.ಗೆ ಎಸಿಯಲ್ಲಿ ಹೋಗಿ ಬಂದರೂ ತಲೆಗೆ 7–8 ಕೆ.ಜಿ. ಅದೇ ಒಬ್ಬರೇ ಕಾರಿನಲ್ಲಿ ಹೋಗಿ, ಅಲ್ಲೇ ನಿಲ್ಲಿಸಿಕೊಂಡು, ಅದರಲ್ಲೇ ಬಂದರೆ 65 ಕೆ.ಜಿ. ಐಟಿ ಕಂಪನಿಗಳಿರುವ ಸೈಬರಾಬಾದ್ ಕಡೆ ಕೆಲಸ ಇದ್ದವರು ನಿಮ್ಮ ಗಾಡಿ ಲಿಂಗಂಪಲ್ಲಿಯಲ್ಲಿ ನಿಲ್ಲುತ್ತದಾ ಅಂತ ನೋಡಿಕೊಳ್ಳಿ. ನಿಂತರೆ ಊರೊಳಗಿನ ಟ್ರಾಫಿಕ್ ಅರ್ಧ ತಪ್ಪುತ್ತದೆ. ಬೇಗಂಪೇಟೆಯಲ್ಲಿ ಇಳಿದರೆ ಮೆಟ್ರೋ ಹತ್ತಿರ.

ಕಾರಿಗೂ ಇಲ್ಲಿ ಒಂದು ಜಾಗ ಇದೆ. ಮೂರು-ನಾಲ್ಕು ಜನ, ಒಂದೇ ದಿನ, ಎರಡು-ಮೂರು ಕಡೆ ಕೆಲಸ, ಜೊತೆಗೆ ಸಾಮಾನು ಇದ್ದರೆ ಕಾರು ತಪ್ಪಲ್ಲ. ತಲೆಗೆ 16 ಕೆ.ಜಿ. ಆಗುತ್ತದೆ. ತಪ್ಪಾಗುವುದು ಒಬ್ಬರೇ ಹೋದಾಗ, ಮತ್ತು ಬಿಟ್ಟು ಬಾ ಅಂತ ಕಳಿಸಿದಾಗ.

ವಿಮಾನ ಹಿಡಿಯಲೇಬೇಕಾದವರಿಗೆ, ಅಂದರೆ ದೆಹಲಿಗೋ ಗುವಾಹಟಿಗೋ ಹೋಗುವವರಿಗೆ, ಸಿಕಂದರಾಬಾದ್‌ವರೆಗೆ ರೈಲು, ಅಲ್ಲಿಂದ ತೆಲಂಗಾಣ ಸಾರಿಗೆಯ ಪುಷ್ಪಕ್ ಬಸ್ಸು. ಇದೊಂದೇ ಬದಲಾವಣೆಯಿಂದ ನೂರು ಕೆ.ಜಿ.ಗಿಂತ ಜಾಸ್ತಿ ಉಳಿಯುತ್ತದೆ. ರಾತ್ರಿ ಎರಡರ ವಿಮಾನ, ಲಗೇಜು, ಮಳೆ ಅಂತ ಇದ್ದಾಗ ಕಷ್ಟವೇ. ಆಗ ಅದೇ ದಿನ ಆ ಕಡೆಗೆ ಹೋಗುವ ಇನ್ನೊಬ್ಬರನ್ನು ಕೂಡಿಸಿಕೊಳ್ಳಿ. ಊರು ದೊಡ್ಡದಾದರೂ ಏರ್‌ಪೋರ್ಟ್ ಗಾಡಿ ಓಡಿಸುವವರು ಬೆರಳೆಣಿಕೆ. ಯಾವತ್ತು ಯಾರು ಹೊರಟಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತಾರೆ.

ಜಿಲ್ಲೆಯೊಳಗಿನ ಓಡಾಟ

ಬೆಂಗಳೂರಿಗೆ ತಿಂಗಳಿಗೊಮ್ಮೆ ಹೋದರೆ ಸೇಡಂಗೋ ಶಹಾಪುರಕ್ಕೋ ವಾರಕ್ಕೆ ಮೂರು ಸಲ ಹೋಗುತ್ತೇವೆ. ವರ್ಷದ ಕೊನೆಗೆ ಕೂಡಿಸಿದರೆ ಈ ಸಣ್ಣ ಓಡಾಟವೇ ದೊಡ್ಡ ಮೊತ್ತ ಆಗಬಹುದು. ಯಾರೂ ಲೆಕ್ಕ ಇಡುವುದಿಲ್ಲ ಅಷ್ಟೇ.

ಮೊದಲು ನಿಮ್ಮ ಜಾಗ ಹಳಿಯ ಮೇಲಿದೆಯೋ ಇಲ್ಲವೋ ನೋಡಿ. ಸಿಮೆಂಟು ಕಾರ್ಖಾನೆಗಳ ಹೆಚ್ಚಿನ ಊರುಗಳು ರೈಲಿನ ಪಕ್ಕದಲ್ಲೇ ಇವೆ: ಶಹಾಬಾದ್, ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ. ಯಾದಗಿರಿಯೂ ಹಳಿಯ ಮೇಲೆ, ಕಲಬುರಗಿಯಿಂದ 75 ಕಿ.ಮೀ.ಯ ಆಸುಪಾಸು. ರೈಲಿನಲ್ಲಿ ಕಾರಿಗಿಂತ ಬೇಗ ಮುಟ್ಟುವ ದಿನಗಳೇ ಜಾಸ್ತಿ. ಈ ದಾರಿಯಲ್ಲಿ ಕಾರು ತೆಗೆಯುವುದು ಬರೀ ಅಭ್ಯಾಸ.

ಬೀದರ್ ಬೇರೆ ಮಾತು. ಕಲಬುರಗಿ–ಹುಮನಾಬಾದ್–ಬೀದರ್ ರೈಲು ಮಾರ್ಗ ದಶಕಗಳ ಕಾಯುವಿಕೆಯ ನಂತರ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಮಾರ್ಗ ಇದೆ, ಗಾಡಿಗಳು ಕಡಿಮೆ. ಅವುಗಳ ಹೊತ್ತಿಗೆ ನಿಮ್ಮ ಕೆಲಸ ಹೊಂದಿದರೆ ರೈಲು, ಇಲ್ಲದಿದ್ದರೆ ಕಣ್ಣು ಮುಚ್ಚಿ ಬಸ್ಸು. 110 ಕಿ.ಮೀ.ಯ ಈ ದಾರಿಯಲ್ಲಿ ಬಸ್ಸಿಗೆ ಕಾಯುವ ಮಾತೇ ಇಲ್ಲ. ರಾಜ್ಯದ ಮಹಿಳಾ ಸಿಬ್ಬಂದಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ದುಡ್ಡೂ ಇಲ್ಲ. ಸೀಟು ಸಿಗುತ್ತದಾ ಅಂದರೆ, ಅದು ಬೇರೆ ಪ್ರಶ್ನೆ. ಬೆಳಗಿನ ಹೊತ್ತು ಬಸ್ ಸ್ಟ್ಯಾಂಡಿನಲ್ಲೇ ಹತ್ತಿ, ದಾರಿಯ ಸ್ಟಾಪಿನಲ್ಲಿ ನಿಂತರೆ ನಿಂತುಕೊಂಡೇ ಹೋಗಬೇಕಾಗುತ್ತದೆ.

ಹಳಿ ಇಲ್ಲದ ಊರುಗಳು: ಜೇವರ್ಗಿ, ಆಳಂದ, ಅಫಜಲಪುರ, ಚಿಂಚೋಳಿ, ಶಹಾಪುರ, ಸುರಪುರ, ಔರಾದ್, ಬಸವಕಲ್ಯಾಣ. ಇಲ್ಲಿಗೆ ಬಸ್ಸು ಮೊದಲು. ತಾಲ್ಲೂಕು ಕೇಂದ್ರದಿಂದ ಮುಂದಿನ ಹಳ್ಳಿಗೆ ಟಂಟಂ (ಹಂಚಿಕೊಂಡು ಹೋಗುವ ಆಟೊ) ಇಲ್ಲವೇ ಕ್ರೂಸರ್ ಜೀಪು ಸಿಗುತ್ತದೆ. ಹೊಗೆಯ ಲೆಕ್ಕದಲ್ಲಿ ತುಂಬಿದ ಕ್ರೂಸರ್ ಬಹಳ ಒಳ್ಳೆಯದು, ಸುರಕ್ಷತೆಯ ಲೆಕ್ಕದಲ್ಲಿ ಅಲ್ಲ. ಬಾಗಿಲಿಗೆ ಜೋತುಬಿದ್ದು ಹೋಗುವ ಕ್ರೂಸರ್ ಹತ್ತಿ ಅಂತ ಯಾವ ಆಫೀಸೂ ತನ್ನವರಿಗೆ ಹೇಳಬಾರದು. ಕೊನೆಯ ಹತ್ತು-ಹದಿನೈದು ಕಿ.ಮೀ.ಗೆ ಆಟೊ ಮಾಡಿಕೊಳ್ಳಲಿ.

ಬೈಕು? ಲೀಟರಿಗೆ 50 ಕಿ.ಮೀ. ಕೊಡುವ ಬೈಕಿನಲ್ಲಿ ಕಿಲೋಮೀಟರಿಗೆ 46 ಗ್ರಾಂ, ಇಬ್ಬರು ಕೂತರೆ ತಲೆಗೆ 23. ಕಾರಿಗಿಂತ ಎಷ್ಟೋ ವಾಸಿ. ಆದರೆ ಸಿಮೆಂಟ್ ಲಾರಿಗಳು ಓಡುವ ಸೇಡಂ ರಸ್ತೆ, ಮೇಲೆ 42–43 ಡಿಗ್ರಿ ಬಿಸಿಲು. 20–25 ಕಿ.ಮೀ. ದಾಟಿದ ಕೆಲಸಕ್ಕೆ ನಾನು ಬೈಕ್ ಒಪ್ಪುವುದಿಲ್ಲ. ಪೆಟ್ರೋಲ್ ಉಳಿಸಲು ಹೋಗಿ ಮನುಷ್ಯನನ್ನು ಕಳೆದುಕೊಳ್ಳಬಾರದು.

ಕಾರೇ ಬೇಕು ಅನ್ನುವ ದಿನ ಒಂದೇ ದಿಕ್ಕಿನ ಕೆಲಸಗಳನ್ನು ಒಂದೇ ದಿನಕ್ಕೆ ಕಟ್ಟಿ. ಸೋಮವಾರ ಜೇವರ್ಗಿ, ಬುಧವಾರ ಶಹಾಪುರ, ಶುಕ್ರವಾರ ಸುರಪುರ ಅಂತ ಮೂರು ಸಲ ಹೋಗುವ ಬದಲು ಒಂದೇ ಸುತ್ತಿನಲ್ಲಿ ಮೂರೂ ಮುಗಿಯುತ್ತವೆ. ಜೇವರ್ಗಿ ದಾಟಿಯೇ ಆ ಎರಡಕ್ಕೂ ಹೋಗಬೇಕು. ಇದು ಎಲ್ಲರಿಗೂ ಗೊತ್ತು. ಆದರೂ ಒಂದು ಆಫೀಸಿನ ಮೂರು ವಿಭಾಗದವರು ಒಂದೇ ವಾರ, ಒಂದೇ ದಾರಿಯಲ್ಲಿ, ಮೂರು ಕಾರಿನಲ್ಲಿ ಹೋಗುತ್ತಾರೆ. ಗೋಡೆ ಮೇಲೆ ಒಂದು ಬೋರ್ಡ್ ಹಾಕಿ ಯಾರು ಯಾವತ್ತು ಎಲ್ಲಿಗೆ ಅಂತ ಬರೆದರೆ ಸಾಕು. ಇದಕ್ಕೆ ಆ್ಯಪ್ ಬೇಡ.

ಇನ್ನೊಂದು, ನಿಂತ ಕಾರು. ಸಾಹೇಬರು ಒಳಗೆ ಎರಡು ತಾಸು ಮೀಟಿಂಗಿನಲ್ಲಿ, ಡ್ರೈವರ್ ಹೊರಗೆ ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು. ತಾಸಿಗೆ ಹೆಚ್ಚುಕಡಿಮೆ ಒಂದು ಲೀಟರ್ ಹಾಗೇ ಸುಡುತ್ತದೆ. ಡ್ರೈವರನ್ನು ಬೈದು ಫಲ ಇಲ್ಲ. ನಮ್ಮ ಬಿಸಿಲಿನಲ್ಲಿ ಆರಿಸಿದ ಕಾರಿನೊಳಗೆ ಯಾರು ಕೂರುತ್ತಾರೆ? ಒಳಗೆ ಕರೆದು, ಫ್ಯಾನ್ ಕೆಳಗೆ ಒಂದು ಕುರ್ಚಿ ಹಾಕಿ, ನೀರು ಕೊಡಿ. ಎರಡು ಲೀಟರ್ ಡೀಸೆಲ್ ಉಳಿಯುತ್ತದೆ.

ಎಲೆಕ್ಟ್ರಿಕ್ ಕಾರು ತಗೊಂಡರೆ ಮುಗೀತಾ?

ಮುಗಿಯಲ್ಲ. ಕಿಲೋಮೀಟರಿಗೆ 0.15 ಯೂನಿಟ್ ಅಂತ ಹಿಡಿದರೆ, ಗ್ರಿಡ್ಡಿನ ಕರೆಂಟಿನಲ್ಲಿ ಸುಮಾರು 105 ಗ್ರಾಂ ಆಗುತ್ತದೆ. ಡೀಸೆಲ್ ಕಾರಿಗೆ 149 ಗ್ರಾಂ. ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಉಳಿತಾಯ, ಅಷ್ಟೇ. ನಮ್ಮ ಕರೆಂಟಿನ ದೊಡ್ಡ ಪಾಲು ಇನ್ನೂ ಕಲ್ಲಿದ್ದಲಿನದು. ಪಕ್ಕದ ರಾಯಚೂರಿನ ಶಕ್ತಿನಗರದ ಚಿಮಣಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಜನ ಕೂತ ಡೀಸೆಲ್ ಕಾರು ತಲೆಗೆ 37 ಗ್ರಾಂ. ಒಬ್ಬರೇ ಕೂತ ಎಲೆಕ್ಟ್ರಿಕ್ ಕಾರಿಗಿಂತ ಅದು ಮೂರು ಪಟ್ಟು ಮೇಲು!

ಎಲೆಕ್ಟ್ರಿಕ್ ಕಾರಿಗೆ ಅರ್ಥ ಬರುವುದು ಸೋಲಾರ್ ಜೊತೆಗೆ. ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೇಳೆ ಮಿಲ್ಲು ಇರುವವರು ಶೆಡ್ಡಿನ ಮೇಲೆ ಸೋಲಾರ್ ಹಾಕಿದ್ದರೆ, ಕಾರನ್ನು ಹಗಲು ಹೊತ್ತಿನಲ್ಲಿ ಅಲ್ಲೇ ಚಾರ್ಜ್ ಮಾಡಿ. ಬಿಸಿಲೇ ನಮ್ಮ ಆಸ್ತಿ. ಆಗ ಓಡಾಟದ ಹೊಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನಬಹುದು. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿದರೆ ಮತ್ತೆ ಕಲ್ಲಿದ್ದಲಿನ ಲೆಕ್ಕ. ದಿನಕ್ಕೆ ನೂರು-ಇನ್ನೂರು ಕಿ.ಮೀ. ಜಿಲ್ಲೆಯೊಳಗೇ ಓಡುವ ಗಾಡಿಗೆ ಇದು ಒಳ್ಳೆಯ ಆಯ್ಕೆ. ಬೆಂಗಳೂರಿಗೆ ಹೋಗಲು ಅಲ್ಲ.

ಮುಂಬೈ, ಪುಣೆ, ದೆಹಲಿ

ಮುಂಬೈ, ಪುಣೆಗೆ ರಾತ್ರಿಯ ರೈಲು. ಇದರಲ್ಲಿ ಯೋಚನೆ ಮಾಡುವುದೇ ಇಲ್ಲ. ಹುಸೇನ್ ಸಾಗರ್ ಸಂಜೆ ಹತ್ತಿದರೆ ಬೆಳಗಾಗುವಷ್ಟರಲ್ಲಿ ಮುಂಬೈ. ಹೈದರಾಬಾದ್‌ಗೆ ಹೋಗಿ ಮುಂಬೈಗೆ ಹಾರುವುದು ಅಂದರೆ ಪೂರ್ವಕ್ಕೆ ಹೋಗಿ ಪಶ್ಚಿಮಕ್ಕೆ ಬಂದ ಹಾಗೆ.

ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಇದೆ, ಒಂದು ದಿನಕ್ಕೂ ಮೀರಿದ ಪ್ರಯಾಣ. ಹೋಗುವುದಕ್ಕೆ, ಬರುವುದಕ್ಕೆ ಮೂರು ದಿನ ಕೊಡಲು ಎಲ್ಲರಿಗೂ ಆಗುವುದಿಲ್ಲ. ವಿಮಾನಕ್ಕೆ ನಾನು ಅಡ್ಡಿ ಹೇಳುವುದಿಲ್ಲ. ನಡುವೆ ಎಲ್ಲೂ ಇಳಿಯದ ನೇರ ವಿಮಾನ ತಗೊಳ್ಳಿ, ಎರಡು ಸಲ ಮೇಲೇರುವ ಇಂಧನ ಒಂದು ಸಲಕ್ಕೆ ಇಳಿಯುತ್ತದೆ. ಎಕಾನಮಿಯಲ್ಲೇ ಕೂರಿ. ಬಿಸಿನೆಸ್ ಕ್ಲಾಸಿನ ಒಂದು ಸೀಟಿನ ಜಾಗದಲ್ಲಿ ಎರಡು-ಮೂರು ಜನ ಕೂರಬಹುದು, ಹೊಗೆಯ ಪಾಲೂ ಅದೇ ಲೆಕ್ಕದಲ್ಲಿ ಏರುತ್ತದೆ. ದೆಹಲಿಯ ಎರಡು ಕೆಲಸಗಳನ್ನು ಒಂದೇ ಸಲಕ್ಕೆ ಹೊಂದಿಸಿದರೆ ಉಳಿದೆಲ್ಲ ಉಪಾಯಗಳಿಗಿಂತ ಜಾಸ್ತಿ ಉಳಿಯುತ್ತದೆ.

ಹೋಗಲೇಬೇಕಾ?

ನಮ್ಮ ಕಡೆಯ ವಕೀಲರನ್ನು ಕೇಳಿ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಗೆ ಬರುವ ಮುನ್ನ ಪ್ರತಿ ಕೇಸಿಗೂ ಬೆಂಗಳೂರು. ವಕೀಲರು, ಕಕ್ಷಿದಾರರು, ಕಾಗದದ ಗಂಟು ಎಲ್ಲ ಹೊರಡಬೇಕಿತ್ತು. 2013ರಲ್ಲಿ ಅದೇ ಕಾಯಂ ಪೀಠ ಆಯಿತು. ಅದನ್ನು ಕೇಳಿದವರು ನ್ಯಾಯ ಹತ್ತಿರ ಬರಲಿ ಅಂತ ಕೇಳಿದ್ದು, ಪರಿಸರಕ್ಕಾಗಿ ಅಲ್ಲ. ಆದರೂ ಅದರಿಂದ ತಪ್ಪಿದ ಓಡಾಟ ಎಷ್ಟಿರಬಹುದು ಯೋಚಿಸಿ.

ಆಫೀಸಿನಲ್ಲೂ ಹೀಗೇ ವಿಂಗಡಿಸಬಹುದು. ಮೊದಲ ಭೇಟಿ, ಜಗಳ ಬಗೆಹರಿಸುವ ಭೇಟಿ, ಸೈಟ್ ನೋಡುವ ಕೆಲಸ ಇವಕ್ಕೆ ಮುಖ ತೋರಿಸಲೇಬೇಕು. ತಿಂಗಳ ಅಂಕಿ-ಅಂಶ ಓದುವ ಮೀಟಿಂಗ್ ವಿಡಿಯೋದಲ್ಲೇ ಆಗುತ್ತದೆ. ಅದಕ್ಕೆ 600 ಕಿ.ಮೀ. ಹೋಗಿ ಟೀ-ಬಿಸ್ಕತ್ತು ತಿಂದು ಬರುವುದು ಬೇಡ. ತೊಗರಿ ವ್ಯಾಪಾರದವರು ಮಾತ್ರ ಒಪ್ಪುವುದಿಲ್ಲ, ಕಾಳು ಅಂಗೈಯಲ್ಲಿ ಹಾಕಿ ನೋಡದೆ ರೇಟು ಮಾತಾಡುವವರಲ್ಲ ಅವರು. ಸರಿ, ಹಾಗಾದರೆ ಕಾಳು ಹೋಗಲಿ. 2021ರಲ್ಲಿ ಶುರುವಾದ ನಮ್ಮ ಕಾರ್ಗೊ ಸೇವೆಯಲ್ಲಿ ಸ್ಯಾಂಪಲ್ ಪೊಟ್ಟಣ ಸಾರಿಗೆ ಬಸ್ಸಿನಲ್ಲೇ ಹೋಗುತ್ತದೆ. ಪೊಟ್ಟಣ ಮುಟ್ಟಿದ ಮೇಲೆ ಫೋನಿನಲ್ಲಿ ಮಾತು.

ಆಫೀಸಿನ ನಿಯಮ

ಇಷ್ಟೆಲ್ಲ ಹೇಳಿದರೂ ಪ್ರಯಾಣ ಭತ್ಯೆಯ (ಟಿ.ಎ.) ನಿಯಮ ಹಳೆಯದೇ ಇದ್ದರೆ ಯಾರೂ ಬದಲಾಗುವುದಿಲ್ಲ. ಸ್ವಂತ ಕಾರಿಗೆ ಕಿಲೋಮೀಟರಿಗೆ ಇಷ್ಟು ಅಂತ ಕೊಡುತ್ತೀರಿ, ರೈಲಿಗೆ ಟಿಕೆಟ್ ದುಡ್ಡು ಮಾತ್ರ. ಕಾರಿನಲ್ಲಿ ಹೋದವರಿಗೆ ನಾಲ್ಕು ಕಾಸು ಮಿಗುತ್ತದೆ, ರೈಲಿನಲ್ಲಿ ಹೋದವರು ಆಟೊಗೆ ಕೈಯಿಂದ ಹಾಕಬೇಕು. ಹೀಗಿದ್ದಾಗ ಜನ ಯಾವುದನ್ನು ಆರಿಸುತ್ತಾರೆ ಹೇಳಿ?

ಷೇರು ಪೇಟೆಯಲ್ಲಿರುವ ದೊಡ್ಡ 1,000 ಕಂಪನಿಗಳು ಆ ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಗೆ ಪರಿಸರದ ವರದಿ ಕೊಡಬೇಕು. ಅವರಿಗೆ ಮಾಲು ಪೂರೈಸುವ ಸಣ್ಣವರ ಹತ್ತಿರವೂ ಈ ಪ್ರಶ್ನೆಗಳು ಬರಬಹುದು. ಸಿಮೆಂಟ್ ಕಾರ್ಖಾನೆಗಳ ಜೊತೆ ವ್ಯವಹಾರ ಇರುವವರು ಈಗಿನಿಂದಲೇ ಪ್ರತಿ ಓಡಾಟಕ್ಕೆ ನಾಲ್ಕು ಅಂಕಣ ಬರೆದಿಡಿ: ಎಲ್ಲಿಂದ ಎಲ್ಲಿಗೆ, ಯಾವುದರಲ್ಲಿ, ಎಷ್ಟು ಜನ, ಕಾರಾದರೆ ಖಾಲಿ ಓಡಿದ್ದು ಎಷ್ಟು. ಕೊನೆಯ ಅಂಕಣ ಯಾರೂ ಬರೆಯುವುದಿಲ್ಲ. ಅದೇ ಮುಖ್ಯ.

ನಿಯಮ ತಿದ್ದುವವರಿಗೆ ನನ್ನ ಸಲಹೆ. ರಾತ್ರಿ ರೈಲಿನಲ್ಲಿ ಹೋಗಿ ಬಂದವರಿಗೆ ಮರುದಿನ ಅರ್ಧ ದಿನ ರಜೆ ಕೊಡಿ. ಥರ್ಡ್ ಎಸಿ ಟಿಕೆಟ್ಟಿಗೆ ಯಾರ ಒಪ್ಪಿಗೆಯೂ ಬೇಡ ಅನ್ನಿ. ಒಬ್ಬರೇ ಟ್ಯಾಕ್ಸಿ ಮಾಡಿದರೆ ಕಾರಣ ಬರೆದುಕೊಡಲಿ. ಸ್ಟೇಷನ್ನಿನಿಂದ ಮನೆಗೆ, ಬಸ್ ಸ್ಟ್ಯಾಂಡಿನಿಂದ ಆಫೀಸಿಗೆ ಮಾಡಿದ ಆಟೊ ದುಡ್ಡನ್ನು ಹೇಳಿದಷ್ಟು ಕೊಟ್ಟುಬಿಡಿ, ಬಿಲ್ ಕೇಳಬೇಡಿ. ನಮ್ಮೂರಿನ ಆಟೊದವರು ಯಾವತ್ತು ಬಿಲ್ ಕೊಟ್ಟಿದ್ದಾರೆ?